ಸೊಸೆಗೆ ಹೇಳಿದ ಎಣ್ಣೆನೀರು

ನಮ್ಮೂರು ಹೊಣಕೆರೆಯ ಹತ್ತಿರ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಿಂತ ಗಂಡಸರಿಗೆ ಹವಾಮಾನ ಹೇಳುವವನು ನಾನೇ ಆಗಿದ್ದೆ. ಮಳೆ ಬಿಸಿಲಿನ ಹವಾಮಾನವಲ್ಲ, ನಮ್ಮ ಸೊಸೆಯದು. ಮುಟ್ಟಿಗೆ ವಾರ ಇದೆ ಎನ್ನುವಾಗ ಅವಳ ಮುಖ ಬಿಗಿಯುತ್ತಿತ್ತು. ಸಣ್ಣ ಮಾತಿಗೂ ಸಿಡುಕುತ್ತಿದ್ದಳು, ಹಿತ್ತಲಲ್ಲಿ ಒಬ್ಬಳೇ ನಿಂತು ಅಳುತ್ತಿದ್ದಳು, ಆಮೇಲೆ ತಾನೇ ನಾಚಿಕೊಂಡು ಎರಡರಷ್ಟು ಕೆಲಸ ಮಾಡುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದವನು. ಇದನ್ನೆಲ್ಲ ನೋಡಿ ನನಗೆ ಹೊಳೆದದ್ದು ತಮಾಷೆ ಮಾತ್ರ.

“ಏನ್ಲಾ, ಎಂಗದೆ ಇವತ್ತು ನಿಮ್ಮನೇಲಿ?” ಎಂದು ಪಕ್ಕದ ಹೊಲದ ಗೆಳೆಯ ಶುರು ಮಾಡುತ್ತಿದ್ದ.

“ಗುಡುಗು ಬಂದದೆ ಕಣ್ಲಾ. ಮಳೆ ಹುಯ್ಯೋಗಂಟ ನಾನು ಜಗಲಿ ಬುಟ್ಟು ಒಳೀಕೆ ಓಗಕಿಲ್ಲ.”

ಒಂದು ದಿನ ಸೊಸೆ ಎರಡನೇ ಕ್ಯಾನು ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನನಗೆ ಯಾರೂ ಕಣ್ಸನ್ನೆ ಮಾಡಲಿಲ್ಲ. ನಾನು ಸಿಕ್ಕಿಬೀಳುವುದೂ ಅವರಿಗೆ ಒಂದು ತಮಾಷೆ. ಅವಳು ಹಾಲು ಹಾಕಿ, ಚೀಟಿ ತಗೊಂಡು, ಎಲ್ಲರ ಎದುರೇ ಕೇಳಿದಳು:

“ಮಾವ, ನನ್ನ ಮುಟ್ಟಿನ ಇಚಾರಾನೂ ಡೈರಿಗೆ ಹಾಕ್ತಿದ್ದೀರಾ? ಎಷ್ಟು ಬಂತು ಫ್ಯಾಟು?”

ಗಂಡಸರೆಲ್ಲ ತಂತಮ್ಮ ಕ್ಯಾನುಗಳೊಳಗೆ ಏನೋ ಬಿದ್ದಿದೆ ಎನ್ನುವಂತೆ ಇಣುಕತೊಡಗಿದರು. ಮನೆಗೆ ಬಂದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಹೀಗೇ ಆದರೆ ಸಿಂಧಘಟ್ಟದ ತವರಿಗೆ ಹೋಗಿಬಿಡುತ್ತೇನೆ, ಕರೆಯಲು ಯಾರೂ ಬರಬೇಕಿಲ್ಲ ಎಂದಳು. ನನಗೆ ಭಯವಾಯಿತು. ಅವಳ ಸಂಕಟಕ್ಕಲ್ಲ. ಹಸು ಕರೆಯುವವರು ಯಾರು, ಮುದ್ದೆ ತಿರುವುವವರು ಯಾರು ಎಂದು. ಹೆಂಡತಿಯ ರಟ್ಟೆಯಲ್ಲಿ ಆ ಕಸುವು ಉಳಿದಿರಲಿಲ್ಲ. ಮಗ ಲೈನ್‌ಮನ್ನು. ಎಂಥ ಕಂಬವನ್ನಾದರೂ ಹತ್ತುವ ಧೈರ್ಯವಂತ. ಈ ವಿಷಯ ಬಂದಾಗ ಮಾತ್ರ ಕಂಬದಿಂದ ಇಳಿಯುತ್ತಲೇ ಇರಲಿಲ್ಲ.

ಪಾಂಡವಪುರದಲ್ಲಿ ಒಬ್ಬರು ಆಯುರ್ವೇದದ ಡಾಕ್ಟರಮ್ಮ ಇದ್ದಾರೆ, ಸೊಸೆಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಹೆಂಡತಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ನಂಗೆ ಇಂಗೇ ಆದಾಗ ಗಾಳಿ ಸೋಕ್ಯದೆ ಅಂತ ಗಂಜಾಂ ಹೊಳೇಲಿ ಮುಳುಗ್ಸಿ ಅಂತ್ರ ಕಟ್ಸಿದ್ರಿ. ಅವ್ಳಿಗೆ ಡಾಕ್ಟ್ರು. ವಸಿ ಮುಂದುವರ್ದಿದ್ದೀರಿ ಬುಡಿ.”

ಅವಳು ಹೇಳಿದ್ದು ನಿಜ. ಮೈ ಕೊರೆಯುವ ಚಳಿಯಲ್ಲಿ ಅವಳನ್ನು ಕಾವೇರಿಯಲ್ಲಿ ಮುಳುಗಿಸಿ ದಡದಲ್ಲಿ ಶಾಲು ಹೊದ್ದು ನಿಂತಿದ್ದವನು ನಾನೇ. ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಂತೆ ಸಿಟ್ಟೂ ಇಳಿದುಬಿಡುತ್ತದೆ ಎಂದುಕೊಂಡಿದ್ದೆ.

ಪಾಂಡವಪುರದಲ್ಲಿ ಸೊಸೆಯ ಹಿಂದೆ ನಾನೂ ಒಳಗೆ ನುಗ್ಗಿದೆ. ಅವಳ ಕಾಯಿಲೆಯನ್ನು ವಿವರಿಸುವ ಹಕ್ಕು ನನ್ನದು ಎಂಬ ನಂಬಿಕೆ. ಡಾಕ್ಟರಮ್ಮ ಕೈ ತೋರಿಸಿ ನನ್ನನ್ನು ಸುಮ್ಮನಾಗಿಸಿ ಅವಳನ್ನೇ ಕೇಳಿದರು. ಊಟ, ನಿದ್ದೆ, ಮನಸ್ಸು ಎಲ್ಲವನ್ನೂ ವಿಚಾರಿಸಿದರು. ಆಮೇಲೆ ವಿವರಿಸಿದರು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ವಾತ ಕೆರಳಿದರೆ ದಿಗಿಲು, ಅಳು, ನಿದ್ದೆಗೇಡು. ಪಿತ್ತ ಕೆರಳಿದರೆ ಸಿಟ್ಟು, ಉರಿ. ಕಫ ಹೆಚ್ಚಿದರೆ ಮಂಕು, ಮೈಭಾರ ಎಂದು ಆಯುರ್ವೇದ ಹೇಳುತ್ತದಂತೆ. ಇವಳಿಗೆ ಮೊದಲೆರಡೂ ಕೂಡಿವೆ ಎಂದರು. ಆ ದಿನಗಳಲ್ಲಿ ಮೈಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಳ್ಳಬೇಕು, ಮುಟ್ಟಾದ ಮೇಲೆ ಅದು ಬೇಡ. ಹೊತ್ತಿಗೆ ಸರಿಯಾಗಿ ಬಿಸಿ ಊಟ, ತುಪ್ಪ, ಜೀರಿಗೆ ಕಷಾಯ. ಖಾರ, ಹುಳಿ, ಕಾಫಿ ಕಡಿಮೆ. ಬೇಗ ನಿದ್ದೆ. ಇಷ್ಟಕ್ಕೂ ಬಗ್ಗದೆ ಬದುಕೇ ಬೇಸರ ಎನ್ನಿಸಿದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ತೋರಿಸಬೇಕು.

“ಅಳೋದು ನಿಲ್ಲಕ್ಕೊಂದು ಪುಡಿ ಕೊಡಿ ಡಾಕ್ಟ್ರೇ,” ಎಂದೆ.

“ಕಣ್ಣೀರನ್ನ ತಡೀಬಾರ್ದು ಯಜಮಾನ್ರೇ, ಸೀನು ಆಕಳಿಕೆ ತಡೀಬಾರ್ದು ಅಂತಾರಲ್ಲ, ಹಾಗೇ. ತಡೀಬೇಕಾದ್ದು ಬೇರೆ ಇದೆ. ಚುಚ್ಚುಮಾತು, ಚಾಡಿ, ಹೊತ್ತಲ್ಲದ ಹೊತ್ತಲ್ಲಿ ಆಡೋ ಮಾತು.”

“ಅದು ಯಾರಿಗೆ?”

“ಮನೇಲಿ ಯಾರಿಗೆ ಆ ಕಾಯಿಲೆ ಇದೆಯೋ ಅವರಿಗೆ.”

ನನ್ನ ಹೆಂಡತಿಗೆ ಹೇಳಿದರು ಎಂದುಕೊಂಡೆ.

ಎಳ್ಳೆಣ್ಣೆ, ಜೀರಿಗೆ, ತುಪ್ಪ ಎಲ್ಲ ತಂದು ಕೊಟ್ಟೆ. ಸೊಸೆಯ ಕೈಗೇ ಕೊಟ್ಟೆ. ಕಷಾಯ ಅವಳೇ ಕುದಿಸಬೇಕು ತಾನೆ? ಕುದಿಸಿದಳು. ವಾಸನೆ ಚೆನ್ನಾಗಿದೆ ಎಂದು ನಾನೊಂದು ಲೋಟ, ಮಗ ಒಂದು ಲೋಟ ಕುಡಿದೆವು. ಅವಳು ತಳದ ಗಸಿ ಕುಡಿದಳು. ಬಿಸಿ ಊಟದ ಕತೆಯೂ ಅಷ್ಟೇ. ಹಬೆಯಾಡುವ ಮುದ್ದೆ ಮುರಿಯುತ್ತ, “ಬಿಸಿಬಿಸಿ ಉಣ್ಬೇಕಂತೆ ಕಣವ್ವ, ಡಾಕ್ಟ್ರು ಯೋಳವ್ರೆ,” ಎಂದು ನಾನು ನೆನಪಿಸುತ್ತಿದ್ದೆ. ಅವಳು ನಿಂತು ಬಡಿಸುತ್ತಿದ್ದಳು.

ಎಣ್ಣೆನೀರಿನ ದಿನ ಅವಳೇ ಸೌದೆ ಒಟ್ಟಿ ಹಂಡೆಗೆ ಉರಿ ಹಾಕಿದಳು. ಮೈಗೆಲ್ಲ ಎಣ್ಣೆ ತಿಕ್ಕಿಕೊಂಡು ಹಳೆ ಸೀರೆ ಸುತ್ತಿ ಹಿತ್ತಲ ಕಟ್ಟೆಯ ಮೇಲೆ ಕೂತಳು. ನೀರು ಕಾಯಿತು. ನಮ್ಮ ಕಡೆ ಹಂಡೆ ಕಾದರೆ ಮೊದಲು ಯಜಮಾನ, ಆಮೇಲೆ ಮಗ, ಹೆಂಗಸರು ಕೊನೆಗೆ. ಯಾರಿಗಾಗಿ ಕಾದ ನೀರು ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ. ಚೊಂಬು ಚೊಂಬು ಹುಯ್ದುಕೊಂಡು ಬೆನ್ನು ಕೆಂಪು ಮಾಡಿಕೊಂಡು ಬಂದೆ. ಮಗನೂ ಮಿಂದ. ಅವಳ ಸರದಿ ಬಂದಾಗ ಹಂಡೆಯ ತಳದಲ್ಲಿ ಉಗುರು ಬೆಚ್ಚಗಿನ ನೀರು, ಒಲೆಯಲ್ಲಿ ಬೂದಿ. ಸಾಲದ್ದಕ್ಕೆ ನಾನು ತಲೆ ಒರೆಸಿಕೊಳ್ಳುತ್ತ ಕೇಳಿದೆ:

“ಈಗ ಇಳೀತೇನವ್ವಾ ಸಿಟ್ಟು?”

ಅವಳು ಎಣ್ಣೆಮೈಯಲ್ಲೇ ಬ್ಯಾಗು ಹಿಡಿದು ಕೆ.ಆರ್. ಪೇಟೆ ಬಸ್ಸು ಹತ್ತಿದಳು.

ಮೂರು ವಾರ ಬಿಟ್ಟು, ಮುದ್ದೆಯ ಗಂಟು ನುಂಗಿ ನುಂಗಿ ಸಾಕಾಗಿ, ಬಾಳೆಹಣ್ಣು ಹಿಡಿದು ಸಿಂಧಘಟ್ಟಕ್ಕೆ ಹೋದೆ. ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಹಂಡೆಗೆ ಉರಿ ಹಾಕುತ್ತಿದ್ದರು. ಸೊಸೆ ಎಣ್ಣೆ ಹಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದಳು.

“ಕುಂತ್ಕಳಿ ಬೀಗ್ರೇ,” ಎಂದರು ಬೀಗಿತ್ತಿ. “ನೀರು ಕಾದವೆ. ಅವ್ಳು ಮೀಯ್ಲಿ, ಉಣ್ಲಿ, ಆಮೇಲೆ ಮಾತು. ನೀವು ಮಿಂದೇ ಬಂದಿರ್ತೀರಿ ಅಲ್ವಾ?”

ನಾನು ಕೂತೆ. ಒಳಗೆ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಲೇ ಇತ್ತು. ಆಮೇಲೆ ಬೀಗಿತ್ತಿ ಮಗಳಿಗೆ ಮೊದಲು ಬಡಿಸಿದರು. ನನಗೆ ಮುದ್ದೆ ಬಂದಾಗ ಮೇಲೆ ಸಿಪ್ಪೆ ಕಟ್ಟಿತ್ತು. ಆರಿದ ಮುದ್ದೆ ಗಂಟಲಲ್ಲಿ ಹೇಗೆ ನಿಲ್ಲುತ್ತದೆ ಎಂಬುದು ಈ ವಯಸ್ಸಿನಲ್ಲಿ ಗೊತ್ತಾಯಿತು. ಅದನ್ನು ಅವಳು ದಿನಾ ನುಂಗಿದ್ದಳು. ಅವಳಿಗಿಂತ ಮುಂಚೆ ನನ್ನ ಹೆಂಡತಿ ನುಂಗಿದ್ದಳು.

“ತಪ್ಪಾಯ್ತು ಕಣವ್ವ, ಬಾ,” ಎಂದೆ.

“ಬತ್ತೀನಿ ಮಾವ, ಇವತ್ತಲ್ಲ. ಡಾಕ್ಟ್ರು ಇಬ್ರಿಗೂ ಔಷ್ದಿ ಯೋಳಿದ್ರು. ನಂದು ನಾನು ಇಲ್ಲಿ ಮಾಡ್ಕತಾವ್ನಿ. ನಿಮ್ದು ಇನ್ನೂ ಶುರುವಾಗಿಲ್ಲ.”

ಬರುವಾಗ ಬಸ್ಸಿನಲ್ಲಿ ಪಕ್ಕದವನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ. ಸೊಸೆಯ ಮೇಲೊಂದು ಒಳ್ಳೆಯ ತಮಾಷೆ ನಾಲಿಗೆಯ ತುದಿಗೇ ಬಂತು. ಕಿಟಕಿ ಕಡೆ ತಿರುಗಿ ಅದನ್ನು ನುಂಗಿಕೊಂಡೆ. ಕಹಿಯಾಗಿತ್ತು.