ಹೊಳೆಹೊನ್ನೂರಿನ ಹತ್ತಿರ ಸಿಕ್ಕ ಒಲೆ

ಗೆಳೆಯರೇ, ಹೊಳೆಹೊನ್ನೂರಿನ ಹತ್ತಿರ ಹೊಸ ಶಾಲೆ ಕಟ್ಟುವ ಜಾಗದಲ್ಲಿ ನೂರಾರು ವರ್ಷ ಹಿಂದಿನ ಹಳ್ಳಿಯೊಂದನ್ನು ನಾವು ಅಗೆದು ನೋಡುತ್ತಿದ್ದೇವೆ. ಇವತ್ತು ಸುಟ್ಟ ಮಣ್ಣಿನ ಎರಡು ಗುಂಡಿಗಳು ಸಿಕ್ಕವು. ಕಮ್ಮಾರನ ಕುಲುಮೆ ಇರಬೇಕೆಂದೆ.

"ಮಡಕೆ ಚೂರು, ಗುಂಡಿ ಅಂತ ಇನ್ನೆಷ್ಟು ದಿನ ಮೇಡಂ? ನಾವು ಪಾಯ ತೋಡೋದು ಬೇಡ್ವಾ?" ಎಂದು ಕಂಟ್ರಾಕ್ಟರ್ ಸಿಡುಕಿದರು.

ಮಣ್ಣು ಹೊರುತ್ತಿದ್ದ ರತ್ನಮ್ಮ ಬುಟ್ಟಿ ಇಳಿಸಿ ಬಗ್ಗಿ ನೋಡಿದರು. "ಕುಲುಮೆ ಅಲ್ಲ ಮೇಡಂ, ಅಡುಗೆ ಒಲೆ. ಈ ಸಣ್ಣದು ಕೋಡೊಲೆ. ದೊಡ್ಡದ್ರಲ್ಲಿ ಅನ್ನ ಬೇಯೋವಾಗ ಇದ್ರ ಮೇಲೆ ಸಾರು ಬಿಸಿ ಇರುತ್ತೆ."

ಕಂಟ್ರಾಕ್ಟರ್ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತರು. "ನಮ್ಮಜ್ಜಿ ಮನೇಲೂ ಇಂಥದ್ದೇ ಇತ್ತು ಮಾರಾಯ್ತಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಪಾಯ ಆ ಕಡೆಯಿಂದ ಶುರು ಮಾಡ್ತೀವಿ. ನೀವು ನಿಧಾನಕ್ಕೆ ನೋಡಿ," ಎಂದರು.

ನಾಳೆ ಹೆಂಡತಿಯನ್ನೂ ಕರೆತರುತ್ತಾರಂತೆ. ಒಲೆಯ ವಿಷಯದಲ್ಲಿ ನನ್ನನ್ನು ತಿದ್ದಲು ಇನ್ನೊಬ್ಬರು ಬರುತ್ತಿದ್ದಾರೆ, ಸಂತೋಷ.