ವಾಗದರಿಯ ನೀರು, ಗಿರಣಿಯ ಭೋಂಗಾ

ಸೊಲ್ಲಾಪುರದ ಮೊದಲ ಮುಂಜಾವಿನಲ್ಲಿ ಭೋಂಗಾ ಕೂಗಿದಾಗ ನನ್ನ ಹೆಂಡತಿ ಸಿದ್ದವ್ವ ತೋಳ ಬಂತೆಂದು ಕೋಲು ಹುಡುಕುತ್ತ ಎದ್ದಳು. ಗಿರಣಿ ಆಳುಗಳ ಸಾಲುಮನೆಯಾದ ಚಾಳಿನ ಆ ಒಂಟಿ ಕೋಣೆಯಲ್ಲಿ ಕಾಯಲು ಕುರಿಗಳೇ ಇರಲಿಲ್ಲ. ರೋಗಕ್ಕೆ ಹಿಂಡು ಹೋದದ್ದರಿಂದಲೇ ನಾವು ಅಕ್ಕಲಕೋಟ ಸಂಸ್ಥಾನದ ವಾಗದರಿ ಬಿಟ್ಟು ಬಂದಿದ್ದೆವು. ಭೋಂಗಾ ಎಂದರೆ ಗಿರಣಿಯು ಆಳುಗಳನ್ನು ಕರೆಯುವ ಉಗಿಯ ಕೂಗು.

ಊರಿನಲ್ಲಿ ಕುರಿ ಕಾಯುವ ಹೆಂಗಸರು ಬುತ್ತಿಗಳನ್ನು ಒಂದೇ ಕಂಬಳಿಯ ಮೇಲೆ ಬಿಚ್ಚಿ, ಒಬ್ಬರ ರೊಟ್ಟಿಯನ್ನು ಇನ್ನೊಬ್ಬರು ಮುರಿಯುತ್ತಿದ್ದರು. ಇಲ್ಲಿ ಸಿದ್ದವ್ವ ನಡುಹಗಲಿನ ಭೋಂಗಾ ಆದಾಗ ಗಿರಣಿಯ ಬಾಗಿಲಿಗೆ ನನ್ನ ಬುತ್ತಿ ಮುಟ್ಟಿಸಿ, ಮರಳಿ ಬಂದು, ಕದವಿಕ್ಕಿಕೊಂಡು ಒಬ್ಬಳೇ ಉಣ್ಣಲು ಕೂರುತ್ತಿದ್ದಳು. ಕ್ರಮೇಣ ಅವಳ ಬಳೆಗಳು ಮೊಣಕೈವರೆಗೆ ಜಾರಿದವು. ವೈದ್ಯರ ಔಷಧ ಹೊಟ್ಟೆ ಸೇರಿತು, ರೊಟ್ಟಿ ಸೇರಲಿಲ್ಲ. ಇವಳು ಉಳಿಯುವುದಿಲ್ಲವೆಂದು ನಾನು ಹೆದರಿದೆ.

“ಪಾಣೀ ಬಾಧಲಂ,” ಎಂದಳು ಎದುರು ಕೋಣೆಯ ಮರಾಠಿ ವಿಧವೆ ಅಂಬೂಬಾಯಿ. ನೀರು ಬಾಧಿಸಿದೆ ಎಂದರ್ಥ. ವಾಗದರಿಯವರೂ ಅದನ್ನೇ ಹೇಳಿ ಕಳುಹಿಸಿದರು. ಶಾಲೆಯ ಹಂಗಿಲ್ಲದೆ ಅಕ್ಷರ ಕಲಿತವನು ನಾನು; ಎಲ್ಲರೂ ಹೇಳುತ್ತಾರೆಂಬುದು ನನಗೆ ಆಧಾರವಲ್ಲ. ಅದೇ ನಳದ ನೀರನ್ನು ನಾನೂ ಕುಡಿಯುತ್ತಿದ್ದೆನಲ್ಲ!

ಸಿದ್ದವ್ವನ ತಮ್ಮ ಮಾಳಪ್ಪ ಊರ ಬಾವಿಯ ನೀರು ಹೊತ್ತು ತಂದ. “ಕುಡಿ ಅಕ್ಕಾ, ಬೀರೋಬನ ಭಂಡಾರ ಹಾಕಿಸೀನಿ,” ಎಂದು ದೇವರ ಅರಿಶಿನ ಬೆರೆತ ನೀರು ಕೊಟ್ಟು, ಅವಳ ತಾಟಿಗೇ ಕೈ ಹಾಕಿದ. “ಇದೇನ ರೊಟ್ಟಿನೋ, ಗಿರಣಿ ಪಟ್ಟಾನೋ? ಹರೀವಲ್ದಲ್ಲ!” ಅವಳು ನಕ್ಕಳು. ನಗುತ್ತಲೇ ಉಂಡಳು.

ಮುಂದಿನ ಸಲ ಕೊಡ ಪರಿಚಿತರ ಗಾಡಿಯಲ್ಲಿ ಬಂತು, ಮಾಳಪ್ಪ ಬರಲಿಲ್ಲ. ಬಾವಿಯೂ ಅದೇ, ಭಂಡಾರವೂ ಅದೇ. ನೀರನ್ನೆಲ್ಲ ಕುಡಿದಳು, ರೊಟ್ಟಿ ಒಣಗಿತು.

ಗಿರಣಿಯ ಸೂಟಿಯ ದಿನ ಅವಳ ತಾಟನ್ನು ಕೋಣೆಗಳ ಮುಂದಿನ ಪಡಸಾಲೆಗೆ ಒಯ್ದಿಟ್ಟು, ಅಂಬೂಬಾಯಿಯನ್ನು ಕರೆದೆ. ಚಾಳಿನಲ್ಲಿ ಯಾರೂ ಕದ ತೆರೆದು ಉಣ್ಣುವುದಿಲ್ಲ.

“ಹೊರಗ? ಮಂದಿ ಕಣ್ಣ ತಾಕ್ತಾವ. ಅಕ್ಷರ ಬಂದು ನಿಮ್ಮ ಬುದ್ಧಿ ಹೋಗೇತಿ ನೋಡ್ರಿ!” ಎಂದಳು ಸಿದ್ದವ್ವ.

ಅಂಬೂಬಾಯಿ ತನ್ನ ತಾಟು ತಂದು ಪಕ್ಕದಲ್ಲಿಟ್ಟಳು. “ನಂದೂ ತಾಟ ಐತಿ ಬಾಯಿ. ತಾಕಿದ್ರ ಇಬ್ಬರಿಗೂ ತಾಕಲಿ,” ಎಂದು ಅರೆಗನ್ನಡದಲ್ಲಿ ಹೇಳಿ, ಸಿದ್ದವ್ವನ ರೊಟ್ಟಿಯನ್ನು ಮುರಿದಳು.

ಅಂಬೂಬಾಯಿಯ ಮಗನೂ ಗಿರಣಿಯವನೇ. ಅಂದಿನಿಂದ ಹೆಂಗಸರಿಬ್ಬರೂ ಬುತ್ತಿ ಕೊಟ್ಟು ಜೊತೆಯಾಗಿ ಮರಳಿ, ಪಡಸಾಲೆಯಲ್ಲೇ ಉಂಡರು. ನಳದ ನೀರನ್ನೇ ಕುಡಿದರು. ಬಳೆಗಳು ಮಣಿಕಟ್ಟಿಗೆ ಬಂದು ನಿಂತವು. ಮಾಳಪ್ಪನ ನೀರು ಅವಳನ್ನು ಉಳಿಸಿತೆಂದು ಊರು ನಂಬಿದೆ, ಅವಳೂ ನಂಬಿದ್ದಾಳೆ. ನಾನು ಮಾತ್ರ ಒಪ್ಪಿಲ್ಲ.

ಈ ವರ್ಷ ವಾಗದರಿಗೆ ಹೋದಾಗ ಬಯಲಿನಲ್ಲಿ ಅದೇ ಕಂಬಳಿ ಹಾಸಿದರು. ಎಲ್ಲರೂ ಉಣ್ಣತೊಡಗಿದರು. ಸಿದ್ದವ್ವ ತುತ್ತು ಹಿಡಿದು ಕೂತಿದ್ದಳು.

“ಯಾಕಕ್ಕಾ, ಈಗ ನಮ್ಮ ನೀರ ಒಗ್ಗವಲ್ದೇನ?” ಎಂದು ಮಾಳಪ್ಪ ಕೆಣಕಿದ.

“ತಡಿಯೋ, ಭೋಂಗಾ ಆಗ್ಲಿ,” ಎಂದುಬಿಟ್ಟಳು.

ಕಂಬಳಿಯ ಸುತ್ತ ನಗೆಯೆದ್ದಿತು. ನಾನು ನಗಲಿಲ್ಲ, ನನ್ನ ತುತ್ತೂ ಕೈಯಲ್ಲೇ ಇತ್ತು.