ಎಮ್ಮೆ ಉರುಳಿಸಿದ ಡಾಕ್ಟರಬಾಯಿ

ಎರಡು ವರ್ಷದ ಹಿಂದೆ, ಕಬ್ಬಿನ ಕಟಾವು ಶುರುವಾದ ಹೊತ್ತಿಗೆ, ಚಿಕ್ಕೋಡಿ ತಾಲ್ಲೂಕಿನ ಒಂದು ಸಣ್ಣ ಊರಿನ ದನದ ದವಾಖಾನೆಗೆ ನಾನು ಡಾಕ್ಟರಾಗಿ ಬಂದೆ. ಅದು ನನ್ನ ಮೊದಲ ನೌಕರಿ. ಸೇರಿದ ನಾಲ್ಕನೇ ದಿನ ಒಂದು ಎಮ್ಮೆ ತೊಡೆಗೆ ಒದ್ದಿತು. ನೋವಿಗೆ ಕಣ್ಣು ಕತ್ತಲೆ ಬಂದು ಕಟ್ಟೆಯ ಮೇಲೆ ಹತ್ತು ನಿಮಿಷ ಕೂತೆ. ಅಷ್ಟೇ.

ಆ ಹತ್ತು ನಿಮಿಷ ಚಹಾದಂಗಡಿಗೆ ಹೋಗಿ ಬೇರೆಯೇ ಕಥೆಯಾಯಿತು. ಡಾಕ್ಟರಬಾಯಿ ಎಮ್ಮೆ ಕಂಡರೆ ಹೆದರುತ್ತಾಳೆ, ಕಾಗವಾಡ ಕಡೆಯ ದ್ರಾಕ್ಷಿ ತೋಟದವರ ಮಗಳು, ಸೆಗಣಿ ಮುಟ್ಟಿದವಳಲ್ಲ, ಬೆಳಗಾವಿಯಲ್ಲಿ ಕುರ್ಚಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದು ಊರೆಲ್ಲ ಮಾತು. ಮೇಲಧಿಕಾರಿ ಕೂಡ ಫೋನ್ ಮಾಡಿ, ಹೋಗುವುದಿದ್ದರೆ ಮೊದಲೇ ಹೇಳಬೇಕಿತ್ತು ಅಂದರು. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಹಾಗೆಂದು ಹೇಳಿದರೆ ಜನ ನಕ್ಕು ತಲೆಯಾಡಿಸುತ್ತಿದ್ದರು. ನನ್ನ ಹತ್ತಿರ ಕೋಳಿ, ಆಡು ಬರುತ್ತಿದ್ದವು. ಎಮ್ಮೆ ಈಯಲು ಕಷ್ಟವಾದರೆ ದೂರದ ಡಾಕ್ಟರನ್ನು ಕರೆಸುತ್ತಿದ್ದರು.

ಒಂದು ಮುಂಜಾನೆ ಗಂಗವ್ವ ಎಂಬ ಮುದುಕಿ ಏದುಸಿರು ಬಿಡುತ್ತಾ ಬಂದಳು. ಅವಳಿಗಿದ್ದದ್ದು ಒಂದೇ ಎಮ್ಮೆ. ಅದು ಈಯಲಾಗದೆ ರಾತ್ರಿಯಿಂದ ತಿಣುಕುತ್ತಿತ್ತು.

"ಬ್ಯಾರೆ ಯಾರೂ ಸಿಗವಲ್ರು, ಅದಕ್ಕ ನಿಮ್ಮ ಕಡೆ ಬಂದೀನ್ರಿ" ಅಂದಳು. ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ದವಾಖಾನೆಯ ಸಹಾಯಕ ಬಾಳಪ್ಪನ ಬೈಕ್ ಹತ್ತಿ ಹೊರಟೆ.

ಕೈ ಹಾಕಿ ನೋಡಿದೆ. ಹಿಂಡಿದ ಬಟ್ಟೆಯಂತೆ ಗರ್ಭಕೋಶ ಬಲಕ್ಕೆ ತಿರುಚಿಕೊಂಡಿತ್ತು. ಹಾಗೇ ಎಳೆದರೆ ಕರುವಿನ ಜೊತೆ ತಾಯಿಯೂ ಉಳಿಯುವುದಿಲ್ಲ. ಇದಕ್ಕೊಂದು ಉಪಾಯವಿದೆ: ಎಮ್ಮೆಯನ್ನು ಬಲಕ್ಕೆ ಮಲಗಿಸಿ, ಹೊಟ್ಟೆಯ ಮೇಲೆ ಹಲಗೆಯಿಟ್ಟು, ಒಬ್ಬರು ಅದರ ಮೇಲೆ ನಿಂತು ಕರುವನ್ನು ಅಲುಗದಂತೆ ಒತ್ತಿ ಹಿಡಿಯಬೇಕು, ಉಳಿದವರು ಹಗ್ಗ ಹಿಡಿದು ಎಮ್ಮೆಯನ್ನು ಉರುಳಿಸಬೇಕು. ಕಾಲೇಜಿನಲ್ಲಿ ಒಮ್ಮೆ ನೋಡಿದ್ದೆ. ಕೈಯಾರೆ ಮಾಡಿರಲಿಲ್ಲ.

ಎಂಟು ಗಂಡಸರು ಬೇಕೆಂದೆ. ಬಂದವರು ಮುಸಿಮುಸಿ ನಗುತ್ತಿದ್ದರು.

"ಬಾಳಪ್ಪ, ಹಲಗಿ ಮ್ಯಾಲ ನೀವ ನಿಂದರ್ರಿ" ಅಂದೆ. ನನ್ನ ದನಿ ಅಷ್ಟು ಗಟ್ಟಿಯಿದೆಯೆಂದು ನನಗೇ ಗೊತ್ತಿರಲಿಲ್ಲ.

ಒಂದು ಸಲ ಉರುಳಿಸಿದೆವು. ಕೈ ಹಾಕಿದೆ, ಹಾಗೇ ಇತ್ತು. ಎರಡನೇ ಸಲವೂ ಅಷ್ಟೇ. ಗಂಗವ್ವ ಎಮ್ಮೆಯ ತಲೆಯ ಬಳಿ ಕೂತು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ನಗು ನಿಂತಿತ್ತು. ಮೂರನೇ ಸಲ ಕೈ ಹಾಕಿದಾಗ ಬೆರಳಿನ ಸುತ್ತ ಇದ್ದ ಬಿಗಿ ಸಡಿಲಿ, ದಾರಿ ನೆಟ್ಟಗೆ ತೆರೆದುಕೊಂಡಿತು. ಗರ್ಭದ ಬಿಸಿ ನೀರು ಭುಜದ ತನಕ ಚಿಮ್ಮಿತು. ಕರುವಿನ ಗೊರಸು ನನ್ನ ಕೈಗೆ ಸಿಕ್ಕಿತು.

ಎಳೆದೆವು. ಹೊರಬಂದ ಕರು ಉಸಿರಾಡಲಿಲ್ಲ. ಬಾಯಿ ಒರೆಸಿ, ಮೂಗಿಗೆ ಹುಲ್ಲುಕಡ್ಡಿ ಹಾಕಿ, ಎದೆ ತಿಕ್ಕಿದೆ. ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ ಅದು ಸೀನಿತು. ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಕೂಗಿದರು. ನಾನು ಸೆಗಣಿಯಲ್ಲೇ ಕೂತು ಅಳುತ್ತಾ ನಗುತ್ತಿದ್ದೆ.

ಹಿಂದಿರುಗುವಾಗ ಬಾಳಪ್ಪ ಬೈಕ್ ನಿಲ್ಲಿಸಿದ. "ಚಾದ ಅಂಗಡ್ಯಾಗ ನೀವು ಎಮ್ಮಿಗೆ ಅಂಜತೀರಂತ ಮದಲ ಅಂದಾಂವ ನಾನ ರೀ ಮೇಡಂ. ನಗಸಾಕ ಅಂದಿದ್ನಿ. ಅದು ಇಷ್ಟ ಬೆಳಿತೈತಂತ ತಿಳಿದಿರಲಿಲ್ಲ." ಬೈಕ್ ಹೊರಡಿಸಿ, ನನಗೆ ಹಸಿವಾಗಿದೆ ಎಂದೆ.

ಸಂಜೆಗೆ ಹೊಸ ಸುದ್ದಿ. ಡಾಕ್ಟರಬಾಯಿ ಒಬ್ಬಳೇ ಎಮ್ಮೆ ಎತ್ತಿ ಉರುಳಿಸಿದಳಂತೆ, ಅವಳು ಕೈಯಿಟ್ಟರೆ ಸತ್ತದ್ದೂ ಏಳುತ್ತದಂತೆ. ವಾರದೊಳಗೆ ರಾಯಬಾಗ ಕಡೆಯಿಂದ ಒಬ್ಬ ರೈತ ಮೇಲೇಳಲಾಗದ ಮುದಿ ಎತ್ತನ್ನು ಗಾಡಿಯಲ್ಲಿ ತಂದ. ನನ್ನ ಕೈಯಲ್ಲಿ ಅದು ಉಳಿಯಲಿಲ್ಲ. ಅವನು ಬೈಯಲಿಲ್ಲ, ಸುಮ್ಮನೆ ನನ್ನ ಕೈಗಳನ್ನೇ ನೋಡಿದ. ಹೆದರುಪುಕ್ಕಲಿ ಅನ್ನಿಸಿಕೊಂಡಾಗಲೂ ಅಷ್ಟು ನೋವಾಗಿರಲಿಲ್ಲ.

ಅಂದಿನಿಂದ ಯಾರೇ ದನ ತಂದರೂ, ಮಾತು ಕೊಡಾಂಗಿಲ್ಲ, ಪ್ರಯತ್ನ ಮಾಡ್ತೇನಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಮುಖ ಸಣ್ಣದು ಮಾಡುತ್ತಾರೆ, ಮಾಡಲಿ. ಹೇಳಿ ಮುಗಿಸಿ ಅಂಗಿಯ ತೋಳು ಮಡಚುವಾಗ ಮಾತ್ರ ಇವತ್ತಿಗೂ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ.